ಏನು ಓಡ್ತಿದೆ? ‘ರನ್’ ಎಂಬ ಒಂದು ಪದದ ಜೊತೆ ನನ್ನ ಅನುಭವ

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಬದುಕುವವಳು. ಕಥೆ, ಕಾದಂಬರಿ ಅಲ್ಲ. ಪಂಪ್‌ಸೆಟ್ಟಿನ ಡಬ್ಬದಲ್ಲಿ ಬರುವ ಕೈಪಿಡಿ, ಆಸ್ಪತ್ರೆಯ ಒಪ್ಪಿಗೆ ಪತ್ರ, ಫೋನಿನ ಆ್ಯಪ್‌ಗಳಲ್ಲಿ ಕಾಣುವ ಎರಡು ಮೂರು ಪದದ ಸಾಲುಗಳು, ಇಂಥವು. ಇವನ್ನು ಯಾರೂ ಖುಷಿಗೆ ಓದುವುದಿಲ್ಲ. ಏನೋ ಕೆಲಸ ಆಗಬೇಕು, ಅದಕ್ಕೆ ಓದುತ್ತಾರೆ. ಹಾಗಾಗಿ ಒಂದು ಪದ ತಪ್ಪಿದರೆ ಕೆಲಸವೇ ತಪ್ಪುತ್ತದೆ.

ಹಾಗೆ ತಪ್ಪಿದ್ದು ಒಂದು ಸಲ ನನ್ನ ಕೈಯಿಂದಲೇ. ಶುರುವಿನ ದಿನಗಳು. ಒಂದು ಬೋರ್‌ವೆಲ್ ಪಂಪಿನ ಕೈಪಿಡಿ ಬಂದಿತ್ತು. ಅದರಲ್ಲಿ ‘ಡು ನಾಟ್ ರನ್ ದಿ ಪಂಪ್ ಡ್ರೈ’ ಅಂತ ಒಂದು ಸಾಲು. ನಾನು ‘ಪಂಪನ್ನು ಒಣಗಿಸಿ ಓಡಿಸಬೇಡಿ’ ಅಂತ ಬರೆದೆ. ರನ್ ಅಂದರೆ ಓಡು, ಡ್ರೈ ಅಂದರೆ ಒಣ. ಮುಗೀತು ಅಂದುಕೊಂಡೆ. ಅದು ಅಚ್ಚಾಗಿಯೂ ಹೋಯಿತು.

ತುಮಕೂರಿನ ಕಡೆ ತೋಟ ಮಾಡಿಕೊಂಡಿರುವ ನನ್ನ ಚಿಕ್ಕಪ್ಪನಿಗೆ ಆ ಪುಸ್ತಕ ತೋರಿಸಿದೆ. ನಾನು ಮಾಡಿದ್ದು ಅಂತ ಹೆಮ್ಮೆ ಇತ್ತು. ಅವರು ಆ ಸಾಲನ್ನು ಎರಡು ಸಲ ಓದಿ ಕೇಳಿದರು: ‘ಅಂದ್ರೆ, ಪಂಪ್ ಬಿಸಿಲಲ್ಲಿ ಒಣಗಿಸಬಾರದು, ಒದ್ದೆ ಇದ್ದಾಗಲೇ ಇಳಿಸಬೇಕು ಅಂತಾನಾ?’ ನನಗೆ ಮಾತೇ ಹೊರಡಲಿಲ್ಲ. ಸಬ್‌ಮರ್ಸಿಬಲ್ ಪಂಪಿಗೆ ಸುತ್ತಲಿನ ನೀರೇ ತಂಪು. ಒಳಗಿನ ಬುಷ್ಷುಗಳು ಸವೆಯದೆ ತಿರುಗುವುದೂ ಆ ನೀರಿನಿಂದಲೇ. ಬೋರಿನಲ್ಲಿ ನೀರು ಇಳಿದ ಮೇಲೂ ಮೋಟರ್ ತಿರುಗುತ್ತಲೇ ಇದ್ದರೆ ಕಾದು, ಕೊನೆಗೆ ವೈಂಡಿಂಗೇ ಸುಟ್ಟು ಹೋಗುತ್ತದೆ. ಆ ಒಂದು ಸಾಲು ಇರುವುದೇ ಅದನ್ನು ತಪ್ಪಿಸಲು. ಚಿಕ್ಕಪ್ಪನಿಗೆ ವಿಷಯ ಹೇಳಿದೆ. ‘ಹಂಗಾದ್ರೆ ನೀರಿಲ್ದೆ ಮೋಟ್ರು ಓಡಿಸಬೇಡಿ ಅಂತ ಬರಿಯೋದಲ್ವಾ?’ ಅಂದರು. ನೋಡಿ, ಅವರೂ ‘ಓಡಿಸು’ ಅಂತಲೇ ಹೇಳಿದ್ದು. ಆ ಪದ ಸರಿಯೇ ಇತ್ತು. ಅದರ ಪಕ್ಕ ನಾನು ಕೂರಿಸಿದ ಪದದಲ್ಲಿ ತಪ್ಪಿತ್ತು.

ಅವತ್ತು ರಾತ್ರಿ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಮೊದಲ ಪುಟದ ಮೇಲೆ ‘ರನ್’ ಅಂತ ಬರೆದೆ. ಬರೀ ಆ ಒಂದು ಪದಕ್ಕೆ.

ಒಂದು ಪದಕ್ಕೆ ಒಂದು ನೋಟ್‌ಬುಕ್ ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ಏನು ಮಾಡಿದ್ದಾರೆ ಕೇಳಿ. 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಪದಕ್ಕೆ. ಮೂರನೇ ಆವೃತ್ತಿಗಾಗಿ ಪರಿಷ್ಕರಿಸುತ್ತಾ ಬಂದಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ 645 ಅರ್ಥಗಳು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಈ ಒಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರಂತೆ. ಇದನ್ನು ಓದಿದಾಗ ನನಗೆ ಎಷ್ಟೋ ಸಮಾಧಾನ ಆಯಿತು. ಯಂತ್ರಗಳು ಬಂದ ಮೇಲೆ ಈ ಪದ ಹಬ್ಬಿದ್ದು ಜಾಸ್ತಿ. ಗಿರಣಿ, ರೈಲು, ಗಡಿಯಾರ, ಮೋಟರ್, ಆಮೇಲೆ ಕಂಪ್ಯೂಟರ್, ಹೊಸದಾಗಿ ಏನು ಬಂದರೂ ಇಂಗ್ಲಿಷಿನವರು ಅದನ್ನು ‘ರನ್’ ಮಾಡಿಸಿದರು.

ನೋಟ್‌ಬುಕ್ಕಿನಲ್ಲಿ ನಾನು ಅರ್ಥಗಳನ್ನು ಬರೆಯಲಿಲ್ಲ. ಮೊದಲು ಬರೆದಿದ್ದೆ, ಆದರೆ ‘ಓಡು, ಚಲಿಸು, ಹರಿ, ನಡೆಸು’ ಅಂತ ಸಾಲಾಗಿ ಬರೆದಿಟ್ಟರೆ ಕೆಲಸಕ್ಕೆ ಬರುವುದಿಲ್ಲ ಅಂತ ಬೇಗ ತಿಳಿಯಿತು. ಪುಟದ ಎಡಗಡೆ ಏನು ಓಡುತ್ತಿದೆ ಅಂತ ಬರೆಯತೊಡಗಿದೆ. ಮೂಗು. ಬಸ್ಸು. ಅಂಗಡಿ. ಬಣ್ಣ. ನಲ್ಲಿ. ಬಲಗಡೆ, ಅದೇ ಸಂದರ್ಭದಲ್ಲಿ ನಮ್ಮ ಜನ ಏನಂತಾರೆ. ಎಡಗಡೆ ನಿಘಂಟಿನಿಂದಲೂ ಕೈಪಿಡಿಗಳಿಂದಲೂ ತುಂಬಿತು. ಬಲಗಡೆ ತುಂಬಲು ಮನೆಯಿಂದ ಹೊರಗೆ ಹೋಗಬೇಕಾಯಿತು.

ಮೂಗು ಸೋರುತ್ತದೆ. ಬಟ್ಟೆ ಬಣ್ಣ ಬಿಡುತ್ತದೆ. ಮೈಗೆ ಜ್ವರ ಬರುತ್ತದೆ. ಮನೆಯಲ್ಲಿ ಹಾಲು ಖಾಲಿಯಾಗುತ್ತದೆ. ಬ್ಯಾಂಕ್ ಮುಳುಗುತ್ತದೆ ಅಂತ ಸುದ್ದಿಯಾದರೆ ದುಡ್ಡಿಟ್ಟ ಜನ ಮುಗಿಬೀಳುತ್ತಾರೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ರನ್’ ಬರುತ್ತದೆ. ಕನ್ನಡದಲ್ಲಿ ಒಂದಕ್ಕೂ ಓಡು ಬರುವುದಿಲ್ಲ. ಅದೇ ಸಿನಿಮಾ ನೋಡಿ, ಎರಡೂ ಕಡೆ ಓಡುತ್ತದೆ. ‘ನೂರು ದಿನ ಓಡಿತು’ ಅಂತ ನಾವು ಯಾವ ಇಂಗ್ಲಿಷಿನ ನೆನಪೂ ಇಲ್ಲದೆ ಹೇಳುತ್ತೇವೆ. ತಲೆ ಓಡುವುದಂತೂ ನಮ್ಮದೇ. ‘ಈಗ ತಲೆ ಓಡ್ತಿಲ್ಲ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ರನ್’ ಹಾಕಿದರೆ ನಿಲ್ಲುವುದಿಲ್ಲ.

ನನಗೆ ತುಂಬಾ ಇಷ್ಟವಾದ ಪುಟಗಳು ‘ಹರಿ’ಯವು. ಹೊಳೆ ಹರಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಪತ್ರಿಕೆ ತೆಗೆದು ನೋಡಿ: ‘ಲಾರಿ ಹರಿದು ಬೈಕ್ ಸವಾರ ಸಾವು.’ ಇಂಗ್ಲಿಷಿನಲ್ಲಿ ‘ರನ್ ಓವರ್’ ಅಂತ ಎರಡು ಪದದಲ್ಲಿ ಹೇಳುವುದು ಕನ್ನಡದಲ್ಲಿ ‘ಹರಿ’ ಎಂಬ ಒಂದರಲ್ಲೇ ಮುಗಿಯುತ್ತದೆ. ಕಾಗದದ ಮೇಲೆ ಕಣ್ಣು ಹರಿಸುತ್ತೇವೆ, ಅಲ್ಲಿಯೂ ಇಂಗ್ಲಿಷಿನವರು ‘ರನ್’ ಮಾಡಿಸುವುದು ಕಣ್ಣನ್ನೇ. ಇದೇನು ಹೀಗೆ ಹೊಂದುತ್ತಿದೆ ಅಂತ ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ ‘ರಿನ್ನನ್’ ಅಂತ ಒಂದು ರೂಪ ಇತ್ತು, ಅದಕ್ಕೆ ಓಡುವುದು, ಹರಿಯುವುದು ಎರಡೂ ಅರ್ಥ. ಅದರ ನಂಟಿನ ಭಾಷೆಯಾದ ಜರ್ಮನ್‌ನಲ್ಲಿ ಇವತ್ತಿಗೂ ‘ರೆನ್ನೆನ್’ ಅಂದರೆ ಓಡುವುದು, ‘ರಿನ್ನೆನ್’ ಅಂದರೆ ನೀರು ಹರಿಯುವುದು. ಇತ್ತ ನಮ್ಮ ‘ಹರಿ’ ಹಳಗನ್ನಡದಲ್ಲಿ ‘ಪರಿ’. ‘ಪಾಲು’ ಹೋಗಿ ‘ಹಾಲು’ ಆದ ಹಾಗೆ. ಆ ‘ಪರಿ’ಗೂ ಹರಿಯುವುದರ ಜೊತೆಗೆ ಓಡು ಅನ್ನುವ ಅರ್ಥ ಇತ್ತು. ಹಳೆಯ ಕಾವ್ಯಗಳಲ್ಲಿ ‘ಪರಿತಂದು’ ಅಂತ ಬಂದರೆ ಓಡಿ ಬಂದು ಅಂತ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳ ಜನ, ನೀರನ್ನೂ ಓಡುವ ಮನುಷ್ಯನನ್ನೂ ಒಂದೇ ಪದದಲ್ಲಿ ಕಂಡಿದ್ದರು. ಇದು ತಿಳಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ.

ಆದರೆ ಅದೇ ‘ಹರಿ’ ನನ್ನನ್ನು ಇನ್ನೊಂದು ಸಲ ದಾರಿ ತಪ್ಪಿಸಿತು. 2020ರಲ್ಲಿ ಕೊರೊನಾ ಬಂದಾಗ ಕೈ ತೊಳೆಯುವ ಬಗ್ಗೆ ಒಂದು ಕರಪತ್ರ ಮಾಡಿಕೊಡಬೇಕಿತ್ತು. ‘ಅಂಡರ್ ರನ್ನಿಂಗ್ ವಾಟರ್’ ಅಂತ ಇತ್ತು. ಧೈರ್ಯವಾಗಿ ‘ಹರಿಯುವ ನೀರಿನಲ್ಲಿ ಕೈ ತೊಳೆಯಿರಿ’ ಅಂತ ಬರೆದೆ. ಕಳಿಸುವ ಮೊದಲು ಪರಿಚಯದ ಆಶಾ ಕಾರ್ಯಕರ್ತೆಯೊಬ್ಬರಿಗೆ ಫೋನಿನಲ್ಲಿ ಓದಿ ಹೇಳಿದೆ. ಪಂಪಿನ ಪಾಠ ಆದ ಮೇಲೆ ಯಾರಿಗಾದರೂ ಓದಿ ಹೇಳದೆ ನಾನು ಏನನ್ನೂ ಕಳಿಸುವುದಿಲ್ಲ. ಅವರು ಅಂದರು: ‘ಹರಿಯೋ ನೀರು ಅಂದ್ರೆ ನಮ್ಮೂರಲ್ಲಿ ಹಳ್ಳ, ಕಾಲುವೆ. ಕೈ ತೊಳೆಯಕ್ಕೆ ಅಲ್ಲಿಗೆ ಹೋಗ್ಬೇಕಾ ಅಂತ ಕೇಳ್ತಾರೆ.’

ಸರಿ, ‘ನಲ್ಲಿ ಬಿಟ್ಟು ಅದರ ಕೆಳಗೆ ಕೈ ತೊಳೆಯಿರಿ’ ಅಂತ ತಿದ್ದಿದೆ. ಅದಕ್ಕೂ ಅವರ ಹತ್ತಿರ ಪ್ರಶ್ನೆ ಇತ್ತು. ನಲ್ಲಿ ಇಲ್ಲದ ಮನೆಯವರು? ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಿನವರು? ಅಲ್ಲಿ ಹಂಡೆಯಲ್ಲೋ ಬಕೆಟ್ಟಿನಲ್ಲೋ ಕೈ ಅದ್ದಿ ತೊಳೆದರೆ ಕೊಳೆ ಮತ್ತೆ ಅದೇ ನೀರಿಗೆ ಸೇರುತ್ತದೆ. ‘ರನ್ನಿಂಗ್ ವಾಟರ್’ ಅಂತ ಹೇಳಿರುವುದರ ಉದ್ದೇಶವೇ ಅದು: ಕೈ ಮೇಲೆ ಬಿದ್ದ ನೀರು ಕೆಳಗೆ ಹೋಗಬೇಕು, ಮತ್ತೆ ಕೈಗೆ ತಾಗಬಾರದು. ಕೊನೆಗೆ ಅಚ್ಚಾಗಿದ್ದು ಹೀಗೆ: ‘ನಲ್ಲಿ ಬಿಟ್ಟುಕೊಂಡು, ಇಲ್ಲವೇ ಚೊಂಬಿನಿಂದ ನೀರು ಹುಯ್ದುಕೊಂಡು ಕೈ ತೊಳೆಯಿರಿ. ಬಕೆಟ್ಟಿನೊಳಗೆ ಕೈ ಅದ್ದಬೇಡಿ.’ ಇಂಗ್ಲಿಷಿನ ಮೂರು ಪದಕ್ಕೆ ಕನ್ನಡದಲ್ಲಿ ಎರಡು ವಾಕ್ಯ. ಉದ್ದ ಆಯಿತು ಅಂತ ಕೆಲಸ ಕೊಟ್ಟವರು ಗೊಣಗಿದರು. ನಾನು ಬಿಟ್ಟುಕೊಡಲಿಲ್ಲ.

ಇನ್ನೊಂದು ಗುಂಪು ‘ನಡೆ’ಯದು. ಇಂಗ್ಲಿಷಿನಲ್ಲಿ ಓಡುವ ಎಷ್ಟೋ ವಿಷಯ ಕನ್ನಡದಲ್ಲಿ ನಡೆಯುತ್ತದೆ. ಅಂಗಡಿ ನಡೆಯುತ್ತದೆ, ಶಾಲೆ ನಡೆಸುತ್ತಾರೆ, ಸಂಸಾರ ನಡೆಸುತ್ತಾರೆ. ಒಂದರ ಮೇಲೊಂದು ಕಷ್ಟ ಬರುತ್ತಿದ್ದರೆ ‘ಕೆಟ್ಟ ದೆಸೆ ನಡೀತಿದೆ’ ಅಂತೇವೆ. ಚುನಾವಣೆ ವಿಷಯ ಬಂದರೆ ನಾವು ನಡೆಯುವುದೂ ಇಲ್ಲ, ನಿಂತೇ ಬಿಡುತ್ತೇವೆ. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಮಾಡುತ್ತಾರೆ. ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಅನ್ನುತ್ತಾರೆ. ನಾವು ‘ಈ ಸಲ ಯಾರು ನಿಂತಿದ್ದಾರೆ?’ ಅಂತ ಕೇಳುತ್ತೇವೆ. ಅಮೆರಿಕದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ಓಟದಲ್ಲಿದ್ದಾರೆ’ ಅಂತ ಬರೆಯುವುದನ್ನು ನೋಡಿದ್ದೇನೆ. ಅರ್ಥ ಆಗುತ್ತದೆ, ತಪ್ಪೇನಿಲ್ಲ. ಆದರೆ ನನ್ನ ಪುಟದ ಬಲಗಡೆ ‘ನಿಲ್ಲು’ ಅಂತಲೇ ಇದೆ.

ಫೋನು, ಕಂಪ್ಯೂಟರಿನ ಕೆಲಸ ಬಂದಾಗ ಬೇರೆ ತಕರಾರು. ಪ್ರೋಗ್ರಾಂ ‘ರನ್’ ಮಾಡುವುದಕ್ಕೆ ‘ಚಲಾಯಿಸು’ ಅಂತ ಬಳಸುವುದುಂಟು. ಕನ್ನಡಿಗರು ವಾಹನ ಚಲಾಯಿಸುತ್ತಾರೆ, ಮತ ಚಲಾಯಿಸುತ್ತಾರೆ, ಅಧಿಕಾರ ಚಲಾಯಿಸುತ್ತಾರೆ. ಪ್ರೋಗ್ರಾಂ ಯಾಕೆ ಬೇಡ ಅಂತ ಕೇಳಬಹುದು. ಆದರೆ ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ಮಾತಾಡುವುದನ್ನು ಕೇಳಿದ್ದೇನೆ. ‘ರನ್ ಮಾಡಿದೆ, ಎರರ್ ಬಂತು’ ಅಂತಲೇ ಹೇಳುತ್ತಾರೆ. ನಾನು ಅಲ್ಲಿ ‘ರನ್ ಮಾಡಿ’ ಅಂತ ಬಿಡುತ್ತೇನೆ. ಕ್ರಿಕೆಟ್ಟಿನ ರನ್ನನ್ನು ನಾವು ಬಿಟ್ಟಿಲ್ಲವೇ? ಚೆಂಡು ಬೌಂಡರಿ ದಾಟಿದರೆ ಯಾರೂ ಓಡಬೇಕಿಲ್ಲ, ಆದರೂ ನಾಲ್ಕು ರನ್. ಅದನ್ನು ಓಟ ಅಂದರೆ ಇಲ್ಲದ ಗೊಂದಲ.

‘ಡ್ರೈ ರನ್’ ಮತ್ತೆ ನನ್ನ ಮುಂದೆ ಬಂದಿದ್ದು 2021ರಲ್ಲಿ. ಜನವರಿ 2ರಂದು ದೇಶದಾದ್ಯಂತ ಕೊರೊನಾ ಲಸಿಕೆಯ ‘ಡ್ರೈ ರನ್’ ನಡೆಯಿತು. ಲಸಿಕೆ ಕೊಡದೆ ಉಳಿದ ಎಲ್ಲವನ್ನೂ ಮಾಡಿ ನೋಡುವುದು. ಬೋರಿನ ಪಂಪಿಗೆ ಯಾವುದು ಆಗಲೇಬಾರದೋ ಅದೇ ಹೆಸರಿನ ಕೆಲಸ ಇಲ್ಲಿ ಆಗಲೇಬೇಕು. ನಾನು ‘ತಾಲೀಮು’ ಅಂತ ಬಳಸಿದೆ. ಗರಡಿಯಲ್ಲಿ, ನಾಟಕದ ಕಂಪನಿಗಳಲ್ಲಿ ಬಳಸಿ ಬಳಸಿ ಹದವಾದ ಪದ. ಆಟ ಇನ್ನೂ ಇದೆ, ಈಗ ಮಾಡುತ್ತಿರುವುದು ತಯಾರಿ ಅಂತ ಕೇಳಿದ ಕೂಡಲೇ ತಿಳಿಯುತ್ತದೆ.

ನೋಟ್‌ಬುಕ್ಕಿನ ಹಿಂಭಾಗದಲ್ಲಿ ಕೆಲವು ಪುಟ ಉಲ್ಟಾ ಶುರು ಮಾಡಿದ್ದೇನೆ. ನಮ್ಮ ಜನರೇ ಬೆಳೆಸಿಕೊಂಡ ‘ರನ್ನಿಂಗ್‌’ಗಳು ಅಲ್ಲಿವೆ. ಸೀರೆ ಅಂಗಡಿಯಲ್ಲಿ ‘ರನ್ನಿಂಗ್ ಬ್ಲೌಸ್ ಇದೆ ಮೇಡಂ’ ಅಂತಾರೆ. ಸೀರೆಯ ಬಟ್ಟೆಯಲ್ಲೇ ಮುಂದುವರಿದು ಬಂದ ಬ್ಲೌಸ್ ಪೀಸು ಅದು. ಹಳೇ ಸ್ಕೂಟರ್ ಮಾರುವವರು ‘ರನ್ನಿಂಗ್ ಕಂಡೀಷನ್’ ಅಂತಾರೆ. ಸಂಬಂಧ ನೋಡುವಾಗ ‘ಹುಡುಗಿಗೆ ಇಪ್ಪತ್ತೇಳು ರನ್ನಿಂಗ್’ ಅಂತಾರೆ. ಕನ್ನಡದಲ್ಲಿ ‘ಇಪ್ಪತ್ತೇಳು ನಡೀತಿದೆ’ ಅನ್ನುವುದಕ್ಕೆ ಇಂಗ್ಲಿಷಿನ ಬಟ್ಟೆ ತೊಡಿಸಿದ್ದು, ಅಲ್ವಾ? ಇವನ್ನೆಲ್ಲ ತಪ್ಪು ಇಂಗ್ಲಿಷ್ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇವುಗಳಿಗೂ ಒಂದೊಂದು ಸಾಲು ಸಲ್ಲಬೇಕು.

ಹೊಸದಾಗಿ ಈ ಕೆಲಸಕ್ಕೆ ಬರುವವರು ಒಳ್ಳೆಯ ನಿಘಂಟು ಯಾವುದು ಅಂತ ಕೇಳುತ್ತಾರೆ. ನಿಘಂಟು ಬೇಕೇ ಬೇಕು. ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ಕೋಶವನ್ನು ನಾನು ಇಂದಿಗೂ ತೆಗೆಯುತ್ತೇನೆ. ಅದರಲ್ಲಿ ಕನ್ನಡದ ಕಡೆಯಿಂದ ಹುಡುಕಬಹುದು. ‘ಹರಿ’ ತೆಗೆದರೆ ಇಂಗ್ಲಿಷಿನ ಯಾವ ಯಾವ ಪದ ಸಿಗುತ್ತದೆ ಅಂತ ನೋಡುವುದು, ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಅಭ್ಯಾಸ ಅದು. ಅದರ ಜೊತೆಗೆ ಫೋನಿನಲ್ಲಿ ನಾಲ್ಕು ಜನರ ನಂಬರ್ ಇರಬೇಕು. ನನ್ನ ಹತ್ತಿರ ಒಬ್ಬ ಮೋಟರ್ ರಿವೈಂಡಿಂಗ್ ಮಾಡುವವರು, ಒಬ್ಬ ನರ್ಸ್, ಒಬ್ಬ ಟೈಲರ್, ಮತ್ತೆ ಆ ಆಶಾ ಕಾರ್ಯಕರ್ತೆ ಇದ್ದಾರೆ. ಕೇಳುವಾಗ ‘ಈ ಪದಕ್ಕೆ ಕನ್ನಡದಲ್ಲಿ ಏನು?’ ಅಂತ ಕೇಳಬಾರದು. ಹಾಗೆ ಕೇಳಿದರೆ ಅವರೂ ಪುಸ್ತಕದ ಪದ ಹುಡುಕಲು ಶುರು ಮಾಡುತ್ತಾರೆ. ‘ಹೀಗೆ ಆದಾಗ ನೀವು ಪಕ್ಕದವರಿಗೆ ಏನಂತ ಹೇಳ್ತೀರಿ?’ ಅಂತ ಕೇಳಬೇಕು.

ಈಗ ನನ್ನ ಮೇಜಿನ ಮೇಲೆ ಒಂದು ಆರೈಕೆಯ ಕರಪತ್ರ ಇದೆ. ವಾಸಿಯಾಗದ ಕಾಯಿಲೆ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ. ಕಾಯಿಲೆಯನ್ನು ‘ರನ್ ಇಟ್ಸ್ ಕೋರ್ಸ್’ ಮಾಡಲು ಬಿಡಿ ಅಂತ ಒಂದು ಸಾಲು. ‘ಕಾಯಿಲೆ ತನ್ನ ದಾರಿ ಹಿಡಿಯಲಿ’ ಅಂತ ಬರೆದೆ, ಕಲ್ಲಿನ ಹಾಗಿತ್ತು. ‘ಆಗುವುದು ಆಗಲಿ’ ಅಂತ ಬರೆದೆ, ಕೈಬಿಟ್ಟ ಹಾಗಿತ್ತು. ನರ್ಸಿಗೆ ಫೋನ್ ಮಾಡಿ, ಇಂಥ ಮನೆಗಳಿಗೆ ಹೋದಾಗ ನೀವು ಏನು ಹೇಳ್ತೀರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇರೋ ಅಷ್ಟು ದಿನ ನೋವಿಲ್ಲದೆ ಇರ್ಲಿ, ಅಂತೀನಿ’ ಅಂದರು.

ಅದರಲ್ಲಿ ಕಾಯಿಲೆಯ ಹೆಸರೇ ಇಲ್ಲ. ಓಡುವುದು, ಹರಿಯುವುದು ಏನೂ ಇಲ್ಲ. ಮೂಲದಿಂದ ತುಂಬಾ ದೂರ ಬಂದೆನಾ ಅಂತ ಇನ್ನೂ ಯೋಚನೆ ಇದೆ. ಸದ್ಯಕ್ಕೆ ಪುಟದ ಬಲಗಡೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಕರಪತ್ರದ ಡಾಕ್ಟರಿಗೂ ಕಳಿಸಿದ್ದೇನೆ. ಅವರ ಉತ್ತರ ಬಂದ ಮೇಲೆ ಇಂಕಿನಲ್ಲಿ ಬರೆಯಬೇಕು.