ಸಂಡೂರು ಕಾಡಿನಲ್ಲಿ ಬಕೆಟ್ ಬೋರಲು ಹಾಕಿ ಮಣ್ಣಿನ ಉಸಿರು ಅಳೆದದ್ದು

ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಎಷ್ಟು ಹೊರಗೆ ಬರುತ್ತದೆ ಅಂತ ನೋಡೋಕೆ ಲಕ್ಷಗಟ್ಟಲೆ ಬೆಲೆಯ ಯಂತ್ರವೇ ಬೇಕು ಅಂತೇನಿಲ್ಲ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಲ್ಯಾಬಿನಲ್ಲಿ ಕಾಸ್ಟಿಕ್ ಸೋಡಾ, ಹೈಡ್ರೋಕ್ಲೋರಿಕ್ ಆಮ್ಲ, ಬ್ಯೂರೆಟ್ ಎಲ್ಲಾ ಇತ್ತು. ಉಳಿದದ್ದು ಪಾತ್ರೆ ಅಂಗಡಿಯಲ್ಲಿ ಸಿಕ್ಕ ತಗಡಿನ ಬಕೆಟ್ಟುಗಳು.

ಈ ಹುಚ್ಚು ಹಿಡಿದದ್ದು ಲೆಕ್ಕ ಓದಿದ ಮೇಲೆ. ಭೂಮಿಯ ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲ ಇದೆ. ಗಾಳಿಯಲ್ಲಿರುವುದು ಸುಮಾರು 900. ಬಿಸಿ ಹೆಚ್ಚಾದರೆ ಮಣ್ಣಿನ ಸೂಕ್ಷ್ಮಜೀವಿಗಳು ಚುರುಕಾಗಿ, ಕೊಳೆಯುವುದು ಜಾಸ್ತಿಯಾಗಿ, ಆ ಇಂಗಾಲ ಗಾಳಿಗೆ ಸೇರುತ್ತದೆ ಅನ್ನುವುದು ಎಲ್ಲರೂ ಹೇಳುವ ಮಾತು. ಹತ್ತು ಡಿಗ್ರಿ ಏರಿದರೆ ಉಸಿರು ಹೆಚ್ಚುಕಡಿಮೆ ಎರಡು ಪಟ್ಟು ಅಂತಲೂ ಒಂದು ರೂಢಿ ಲೆಕ್ಕ ಇದೆ. ಹಾಗಾದರೆ ಮೇ ತಿಂಗಳ ಸಂಡೂರಿನಲ್ಲಿ ಮಣ್ಣು ಏದುಸಿರು ಬಿಡಬೇಕಲ್ವಾ?

ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಗುಡ್ಡದ ಇಳಿಜಾರಿನಲ್ಲಿ ಜಾಗ ಹುಡುಕಿದೆ. ಕೆಲವು ದಿಂಡಿಗದ ಮರಗಳ ಕೆಳಗೆ, ಕೆಲವು ಬಂದರಿಕೆ ಗಿಡಗಳ ನಡುವಿನ ಬೋಳು ಕೆಂಪು ನೆಲದಲ್ಲಿ. ಗೆದ್ದಲ ಹುತ್ತ, ಇರುವೆ ಗೂಡಿನ ಹತ್ತಿರ ಹೋಗಲಿಲ್ಲ, ಅಲ್ಲಿ ಲೆಕ್ಕ ಎಲ್ಲೆಲ್ಲೋ ಹೋಗುತ್ತದೆ. ಹಸಿರು ಚಿಗುರಿದ್ದರೆ ಕತ್ತರಿಸಿ, ಒಂದು ಗಾಜಿನ ಬಟ್ಟಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವ ಕಾಸ್ಟಿಕ್ ಸೋಡಾ ದ್ರಾವಣ (1 ನಾರ್ಮಲ್ ಸಾಂದ್ರತೆಯದು) 20 ಮಿ.ಲೀ. ಹಾಕಿ, ಕಲ್ಲಿನ ಮೇಲೆ ಇಟ್ಟು, ಮೇಲೆ ಬಕೆಟ್ಟನ್ನು ಬೋರಲು ಹಾಕಿದೆ. ಅಂಚು ಎರಡು ಸೆಂಟಿಮೀಟರ್ ಮಣ್ಣಿನೊಳಗೆ ಇಳಿಯಬೇಕು. ಬಿಸಿಲಿಗೆ ತಗಡು ಕಾಯದ ಹಾಗೆ ಬಿಳಿ ಬಟ್ಟೆ, ಅದರ ಮೇಲೆ ಭಾರಕ್ಕೆ ಒಂದು ಕಲ್ಲು. ಜೊತೆಗೆ ಬಂದಿದ್ದ ವಾಚರ್ ಅಣ್ಣ ಎಲ್ಲಾ ನೋಡಿ, "ಸರ, ಕರಡಿ ಇದರಾಗ ಜೇನು ಐತಿ ಅಂದ್ಕೊಂಡ್ರೆ ಏನ್ ಮಾಡ್ತೀರಿ?" ಅಂದರು. ಆ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಉತ್ತರ ಇಲ್ಲ.

ಇನ್ನೊಂದು ಬಕೆಟ್ಟನ್ನು, ಒಳಗೆ ಅಂಥದ್ದೇ ಸೋಡಾ ಬಟ್ಟಲು ಇಟ್ಟು, ಮಣ್ಣಿನ ಬದಲು ತಟ್ಟೆಯ ಮೇಲೆ ಬೋರಲು ಹಾಕಿ ಸುತ್ತ ಜೇಡಿಮಣ್ಣು ಮೆತ್ತಬೇಕು. ಒಳಗಿನ ಗಾಳಿಯಲ್ಲಿ ಮೊದಲೇ ಇದ್ದ ಇಂಗಾಲದ ಡೈಆಕ್ಸೈಡಿನ ಲೆಕ್ಕ ಇದರಿಂದ ಸಿಗುತ್ತದೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ.

24 ಗಂಟೆ ಬಿಟ್ಟು ಬಟ್ಟಲಿನ ದ್ರಾವಣವನ್ನು ಬಿಗಿ ಮುಚ್ಚಳದ ಬಾಟಲಿಗೆ ಸುರಿದು ಲ್ಯಾಬಿಗೆ. ಅಲ್ಲಿ ಬೇರಿಯಂ ಕ್ಲೋರೈಡ್ ಹಾಕಿದ ಕೂಡಲೇ ದ್ರಾವಣ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಮಣ್ಣು ಬಿಟ್ಟ ಉಸಿರು ಕಾರ್ಬೊನೇಟ್ ಆಗಿ ಕಣ್ಣಿಗೆ ಕಾಣುವುದು ಅಲ್ಲೇ. ಎರಡು ಹನಿ ಫಿನಾಲ್ಫ್ತಲೀನ್ ಹಾಕಿದರೆ ಗುಲಾಬಿ. ಆ ಗುಲಾಬಿ ಹೋಗುವವರೆಗೆ ಆಮ್ಲ ಬಿಡಬೇಕು. ಉಸಿರು ಹೀರದೆ ಉಳಿದ ಸೋಡಾ ಎಷ್ಟು ಅಂತ ಆಮ್ಲ ಹೇಳುತ್ತದೆ; ಆಮ್ಲ ಕಡಿಮೆ ಸಾಕಾದಷ್ಟೂ ಮಣ್ಣಿನ ಉಸಿರು ಜಾಸ್ತಿ. ಉದಾಹರಣೆಗೆ, ತಟ್ಟೆಯ ಬಕೆಟ್ಟಿನದಕ್ಕೆ 1 ನಾರ್ಮಲ್ ಆಮ್ಲ 19 ಮಿ.ಲೀ. ಬೇಕಾಗಿ, ಕಾಡಿನದಕ್ಕೆ 14 ಸಾಕಾದರೆ ವ್ಯತ್ಯಾಸ 5. ಈ ಆಮ್ಲದ ಒಂದು ಮಿ.ಲೀ.ಗೆ 22 ಮಿ.ಗ್ರಾಂ. ಲೆಕ್ಕ, ಹಾಗಾಗಿ 22ರಿಂದ ಗುಣಿಸಿದರೆ 110 ಮಿ.ಗ್ರಾಂ. ಇಂಗಾಲದ ಡೈಆಕ್ಸೈಡ್. ಬಕೆಟ್ಟಿನ ಬಾಯಿ 25 ಸೆಂ.ಮೀ. ಅಗಲ ಇದ್ದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 2.2 ಗ್ರಾಂ. ಬೇರಿಯಂ ಕ್ಲೋರೈಡ್ ವಿಷ, ಹುಷಾರು. ಆ ನೀರನ್ನು ಸಿಂಕಿಗೆ ಸುರಿಯಬೇಡಿ.

ಮೇ ತಿಂಗಳಲ್ಲಿ ಬಂದದ್ದು ನಾನು ಅಂದುಕೊಂಡದ್ದಕ್ಕೆ ಪೂರಾ ಉಲ್ಟಾ. ಬೋಳು ನೆಲ ಬರಿಗಾಲು ಇಡಲಾಗದಷ್ಟು ಕಾದಿತ್ತು, ಆದರೆ ಅಲ್ಲಿನ ಬಕೆಟ್ಟಿಗೂ ತಟ್ಟೆಯ ಬಕೆಟ್ಟಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಕೃತ್ತಿಕಾ ಮಳೆ ಒಂದು ಸಲ ಜೋರಾಗಿ ಬಿದ್ದ ಮರುದಿನ ಅದೇ ಜಾಗದಲ್ಲಿ ಇಟ್ಟೆ. ಈ ಸಲ ಒಂದಷ್ಟು ಆಮ್ಲ ಬಿಡುವಷ್ಟರಲ್ಲೇ ಗುಲಾಬಿ ಮಾಯ. ಒಂದು ವಾರದೊಳಗೆ ನೆಲ ಒಣಗಿತು, ಉಸಿರೂ ಇಳಿಯಿತು.

ಒಣಗಿದ ಮಣ್ಣಿಗೆ ನೀರು ಬಿದ್ದಾಗ ಹೀಗೆ ಒಮ್ಮೆಗೇ ಉಕ್ಕುವುದನ್ನು ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಪೂರ್ವ ಆಫ್ರಿಕಾದ ಮಣ್ಣುಗಳ ಬಗ್ಗೆ ಬರೆದಿದ್ದರು. ಬರದಲ್ಲಿ ಸತ್ತ ಸೂಕ್ಷ್ಮಜೀವಿಗಳೇ ಉಳಿದವಕ್ಕೆ ಊಟ. ಹೆಂಟೆಯೊಳಗೆ ಸಿಕ್ಕಿಕೊಂಡಿದ್ದ ಸಾವಯವ ವಸ್ತುವೂ ನೀರಿಗೆ ಬಿಚ್ಚಿಕೊಳ್ಳುತ್ತದೆ.

ಬಕೆಟ್ಟಿಗೆ ಒಂದು ಮಿತಿ ಇದೆ. ಬೇರು ಬಿಟ್ಟ ಉಸಿರು ಯಾವುದು, ಸೂಕ್ಷ್ಮಜೀವಿ ಬಿಟ್ಟದ್ದು ಯಾವುದು ಅಂತ ಅದು ಹೇಳಲ್ಲ. ಅದಕ್ಕೇ ಮಣ್ಣನ್ನು ಜರಡಿ ಹಿಡಿದು, ಬೇರು ಆರಿಸಿ, ಉಪ್ಪಿನಕಾಯಿ ಬಾಟಲಿಗಳಿಗೆ ತುಂಬಿದೆ. ಒಳಗೆ ಒಂದು ಚಿಕ್ಕ ಸೀಸೆಯಲ್ಲಿ ಸೋಡಾ ದ್ರಾವಣ. ಅರ್ಧಕ್ಕೆ ನೀರು ಚಿಮುಕಿಸಿದೆ, ಅರ್ಧ ಒಣದ್ದೇ. ಕೆಲವನ್ನು 25 ಡಿಗ್ರಿಯಲ್ಲಿ, ಕೆಲವನ್ನು ಜೀವಶಾಸ್ತ್ರದವರ ಇನ್‌ಕ್ಯುಬೇಟರಿನಲ್ಲಿ 35 ಡಿಗ್ರಿಯಲ್ಲಿ ಇಟ್ಟೆ. ಒಣ ಮಣ್ಣು ಎರಡು ಕಡೆಯೂ ಸುಮ್ನೆ ಬಿದ್ದಿತ್ತು. ಹಸಿ ಮಣ್ಣು ಮಾತ್ರ 35ರಲ್ಲಿ ಮುಂದೆ ಓಡಿತು. ಆದರೆ ದಿನ ಕಳೆದಂತೆ ಆ ಓಟ ನಿಧಾನ ಆಯಿತು. ಒಂದು ಹಿಡಿ ಪುಡಿ ಮಾಡಿದ ದಿಂಡಿಗದ ಎಲೆ ಬೆರೆಸಿದೆ, ಮತ್ತೆ ಏರಿತು. ಸುಲಭವಾಗಿ ಕೊಳೆಯುವ ಸರಕು ಮುಗಿದಿತ್ತು, ಅಷ್ಟೆ.

ಅಮೆರಿಕದ ಮಸಾಚುಸೆಟ್ಸ್‌ನ ಹಾರ್ವರ್ಡ್ ಕಾಡಿನಲ್ಲಿ 1991ರಿಂದ ನೆಲದೊಳಗೆ ತಂತಿ ಹೂತು ಮಣ್ಣನ್ನು 5 ಡಿಗ್ರಿ ಹೆಚ್ಚು ಬಿಸಿ ಇಟ್ಟಿದ್ದಾರೆ. ಅಲ್ಲೂ ಮೊದಲ ಹತ್ತು ವರ್ಷ ಇಂಗಾಲ ಹೋಯಿತು, ಆಮೇಲೆ ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ನನ್ನ ಬಾಟಲಿ ಕಂಡದ್ದು ಮೊದಲ ತುಣುಕು ಮಾತ್ರ. ಪನಾಮದ ಮಳೆಕಾಡಿನ ಪ್ರಯೋಗದಲ್ಲಿ 4 ಡಿಗ್ರಿ ಬಿಸಿಗೆ ಎರಡು ವರ್ಷದಲ್ಲಿ ಮಣ್ಣಿನ ಉಸಿರು 55% ಹೆಚ್ಚಾಯಿತು ಅಂತ 2020ರಲ್ಲಿ ಪ್ರಕಟವಾಯಿತು. ಆ ಅಂಕಿಯನ್ನು ತಂದು ಸಂಡೂರಿಗೆ ಅಂಟಿಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಪನಾಮದಲ್ಲಿ ಮಣ್ಣು ವರ್ಷದ ಬಹುಪಾಲು ಹಸಿ. ನಮ್ಮಲ್ಲಿ ಬೀಗ ನೀರಿನ ಕೈಯಲ್ಲಿದೆ.

ಹಾಗಂತ ಒಣ ಕಾಡಿಗೆ ಬಿಸಿ ತಟ್ಟಲ್ಲ ಅಂತ ನಾನು ಹೇಳುತ್ತಿಲ್ಲ. ಬಿಸಿಗೆ ನೆಲ ಬೇಗ ಒಣಗಿದರೆ ಗಿಡ ಬೆಳೆಯುವುದೂ ಕಡಿಮೆ, ಎಲೆ ಬೀಳುವುದೂ ಕಡಿಮೆ. ಹೋಗುವುದು ಕಡಿಮೆಯಾದರೂ ಬರುವುದೇ ನಿಂತರೆ ಲಾಭ ಏನು? ಬಕೆಟ್ಟು ಹೋಗುವುದನ್ನಷ್ಟೇ ಅಳೆಯುತ್ತದೆ. ಬರುವುದನ್ನು ಅಳೆಯಲು ಈ ವರ್ಷ ದಿಂಡಿಗದ ಕೆಳಗೆ ಸೊಳ್ಳೆಪರದೆ ಬಟ್ಟೆಯ ಬುಟ್ಟಿಗಳನ್ನು ಕಟ್ಟಿದ್ದೇನೆ, ಬಿದ್ದ ಎಲೆ ಒಣಗಿಸಿ ತೂಗುವುದಕ್ಕೆ.