ಪನೀರ್ ಬಟ್ಟೆಯ ದೆವ್ವ

ಓಹಾಯೋದ ನಮ್ಮ ಪುಟ್ಟ ಊರಿನಲ್ಲಿ ಬಾಲ್ಕನಿ ಇರುವ ಹಳೇ ಟಾಕೀಸೊಂದಿದೆ. ಹೋದ ಹ್ಯಾಲೋವೀನ್‌ಗೆ ಅಲ್ಲಿ ಹಳೇ ಕಾಲದ 'ಸ್ಪೂಕ್ ಶೋ' ಮಾಡೋಣ ಅಂತ ನಮ್ಮ ಜಾದೂ ಗೆಳೆಯರೆಲ್ಲ ಹೊರಟೆವು. ದೆವ್ವ ಹಾರಿಸುವ ಕೆಲಸ ನನ್ನ ಪಾಲಿಗೆ ಬಂತು.

1930ರ ದಶಕದಿಂದ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಅಮೆರಿಕದ ಟಾಕೀಸುಗಳಲ್ಲಿ ಈ ಆಟ ನಡೆಯಿತು. ಜಾದೂಗಾರರು ಊರೂರು ಸುತ್ತುತ್ತಿದ್ದರು. ಮಾಮೂಲಿ ಆಟಗಳು ಮುಗಿದ ಮೇಲೆ, ಮಧ್ಯರಾತ್ರಿ ಇವರ ಜಾದೂ, ಜೊತೆಗೊಂದು ದೆವ್ವದ ಸಿನಿಮಾ. ಖಾಲಿ ಬಿದ್ದಿರುತ್ತಿದ್ದ ಸೀಟು ತುಂಬಿದರೆ ಮಾಲೀಕನಿಗೆ ಬೇಡ ಅನ್ನಿಸುತ್ತಾ? 'ಎಲ್-ವಿನ್' ಹೆಸರಿನ ಎಲ್ವಿನ್ ಚಾರ್ಲ್ಸ್ ಪೆಕ್ ಈ ದಾರಿ ಹಾಕಿಕೊಟ್ಟ. 'ಡಾಕ್ಟರ್ ಸಿಲ್ಕಿನಿ' ಆಗಿ ಬಂದ ಜ್ಯಾಕ್ ಬೇಕರ್ ನಗಿಸುತ್ತಲೇ ಹೆದರಿಸಿದ. ಅವನ ಆಟದಲ್ಲಿ ಫ್ರಾಂಕನ್‌ಸ್ಟೈನ್ ರಾಕ್ಷಸ ಜನರ ಕಡೆ ನುಗ್ಗುವಾಗ ದೀಪ ಆರುತ್ತಿತ್ತು.

ಆ ಕತ್ತಲೇ ಅಸಲಿ ಸರಕು. ಮಿಕ್ಕಿದ್ದೆಲ್ಲ ಅದಕ್ಕೆ ಪೀಠಿಕೆ.

ದೆವ್ವಕ್ಕೆ ತೆಳ್ಳನೆ ಜಾಳು ಬಟ್ಟೆ ಬೇಕು. ಅದಕ್ಕೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದು, ಮೀನಿನ ಗಾಳದ ಕೋಲಿಗೆ ಕಟ್ಟಿ, ಜನರ ತಲೆ ಮೇಲೆ ಆಡಿಸಬೇಕು. ಗ್ಯಾರೇಜಿನಲ್ಲಿ ಒಣಹಾಕಿದ್ದನ್ನು ನೋಡಿ ನನ್ನಾಕೆ, "ಏನ್ರೀ ಇದು, ಪನೀರ್ ಕಟ್ಟೋ ಬಟ್ಟೆ ಅಲ್ವಾ?" ಅಂದಳು. ಹೌದು, ಅದೇ. ಹಿಂದಿನವರ ಬಣ್ಣ ಬೇಗ ಮಂಕಾಗುತ್ತಿತ್ತು, ಆಟಕ್ಕೆ ಮುಂಚೆ ಅದಕ್ಕೆ ಜೋರು ಬೆಳಕು ಹಾಯಿಸಬೇಕಿತ್ತು. ಈಗಿನದ್ದು ಗಂಟೆಗಟ್ಟಲೆ ಹೊಳೆಯುತ್ತದೆ, ಬಚ್ಚಿಡೋದೇ ಕಷ್ಟ. ದಪ್ಪ ಕಪ್ಪು ಬಟ್ಟೆಯ ಚೀಲ ಹೊಲಿದೆ.

ದೊಡ್ಡ ತಲೆನೋವು ಅಂದರೆ ಬಾಗಿಲ ಮೇಲಿನ 'ಎಕ್ಸಿಟ್' ದೀಪ. ಆಗಿನವರು ಅದನ್ನೂ ಮುಚ್ಚಿಬಿಡುತ್ತಿದ್ದರು. ಈಗ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಮೊದಲ ರಿಹರ್ಸಲ್‌ನಲ್ಲಿ ಆ ಕೆಂಪು ಬೆಳಕಿಗೆ ನಾನು ಕೆರೆ ದಂಡೆಯಲ್ಲಿ ಗಾಳ ಹಿಡಿದು ಕೂತವನ ಹಾಗೆ ಕಾಣುತ್ತಿದ್ದೆನಂತೆ! ಕೊನೆಗೆ ಹಳಬರದ್ದೇ ಉಪಾಯ ಹಿಡಿದೆವು: ದೀಪ ಆರಿಸುವ ಕ್ಷಣಕ್ಕೆ ಮುಂಚೆ ಜನರ ಕಣ್ಣಿಗೆ ಫ್ಲ್ಯಾಶ್ ಹೊಡೆಯೋದು. ಆಮೇಲೆ ಸ್ವಲ್ಪ ಹೊತ್ತು ಯಾರಿಗೂ ಏನೂ ಕಾಣೋಲ್ಲ.

ಆ ರಾತ್ರಿ ವೇದಿಕೆಯಿಂದ "ಹುಳ ಬೀಳ್ತಿವೆ!" ಅಂತ ಕೂಗಿದ್ದೇ ತಡ, ಮೇಲಿನಿಂದ ಅಕ್ಕಿ ಸುರಿದೆವು. ನಮ್ಮ ಮನೆಯ ಸೋನಾ ಮಸೂರಿ. ಕಿರುಚಾಟವೋ ಕಿರುಚಾಟ. ಮೂರನೇ ಸಾಲಿನಲ್ಲಿ ಯಾರದ್ದೋ ಮೊಬೈಲ್ ದೀಪ ಹೊತ್ತಿಕೊಂಡಿತು. ಬೆಳಕು ನೇರ ನನ್ನ ಮುಖಕ್ಕೆ. ಪಕ್ಕದಲ್ಲಿದ್ದ ಪುಟ್ಟ ಹುಡುಗ ತಲೆ ಎತ್ತಿ, ನನ್ನನ್ನು ನೋಡಿ ಕೈ ಬೀಸಿದ. ನನ್ನ ಎರಡೂ ಕೈಯಲ್ಲಿ ಕೋಲಿತ್ತು. ದೆವ್ವದ ಕೈಯಲ್ಲೇ ಟಾಟಾ ಮಾಡಿಸಿದೆ.