ಪಾತ್ರಪ್ರಧಾನ ಚಿತ್ರಗಳನ್ನೂ ಡಾರ್ಕ್ ಕಾಮಿಡಿಗಳನ್ನೂ ನೋಡುವ ಬಗೆ

ಪಾತ್ರಪ್ರಧಾನ ಚಿತ್ರವೊಂದನ್ನು ನೋಡಿ ಎದ್ದವರು ಏನೂ ನಡೆಯಲೇ ಇಲ್ಲವಲ್ಲ ಎನ್ನುವುದನ್ನೂ, ಸಾವು, ನೋವಿನಂಥ ವಿಷಯಗಳಿಂದಲೇ ನಗೆ ಹುಟ್ಟಿಸುವ ಡಾರ್ಕ್ ಕಾಮಿಡಿ ನೋಡಿದವರು ಸಾವನ್ನು ಮುಂದಿಟ್ಟುಕೊಂಡು ನಗುವುದು ಹೇಗೆ ಎಂದು ಕೇಳುವುದನ್ನೂ ನಾವು ಮತ್ತೆ ಮತ್ತೆ ಕಾಣುತ್ತೇವೆ. ಈ ಎರಡು ದೂರುಗಳ ಬೇರು ಒಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೇನಾಗುತ್ತದೆ ಎಂದು ಕಾಯುವ ಕಣ್ಣು ಇಲ್ಲಿ ಕೆಲಸಕ್ಕೆ ಬಾರದು. ಒಬ್ಬ ವ್ಯಕ್ತಿಗೆ ಏನು ಬೇಕಾಗಿದೆ, ಅದಕ್ಕಾಗಿ ಅವನು ಎಲ್ಲಿಯವರೆಗೆ ಹೋಗಬಲ್ಲ, ತನ್ನ ಬಗ್ಗೆ ತಾನೇ ಯಾವ ಸುಳ್ಳನ್ನು ನಂಬಿಕೊಂಡಿದ್ದಾನೆ ಎಂಬುದನ್ನು ಹುಡುಕುವ ಕಣ್ಣು ಬೇಕು. ಅದನ್ನು ಅಭ್ಯಾಸದಿಂದ ಪಡೆಯಬಹುದು.

ಸಿದ್ಧತೆಯ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಟ್ರೇಲರ್ ನೋಡದಿರುವುದು ಲೇಸು. ಡಾರ್ಕ್ ಕಾಮಿಡಿಯ ಟ್ರೇಲರ್‌ಗಳು ನಗೆಯ ತುಣುಕುಗಳನ್ನಷ್ಟೇ ಪೋಣಿಸಿ ಚಿತ್ರದ ಹದವನ್ನು ತಪ್ಪಾಗಿ ತೋರಿಸುವುದುಂಟು. ಪರಭಾಷೆಯ ಚಿತ್ರವಾದರೆ ಡಬ್ಬಿಂಗ್‌ಗಿಂತ ಸಬ್‌ಟೈಟಲ್ ಆಯ್ದುಕೊಳ್ಳಿ, ಏಕೆಂದರೆ ತಡವರಿಕೆ, ಉಸಿರು, ಅರ್ಧಕ್ಕೆ ನುಂಗಿಕೊಂಡ ಮಾತು ಇವೆಲ್ಲ ನಟರ ಸ್ವಂತ ಧ್ವನಿಯಲ್ಲಿಯೇ ಇರುತ್ತವೆ. ಸಾಧ್ಯವಾದರೆ ಒಂದೇ ಕೂರಿಕೆಯಲ್ಲಿ ನೋಡಿ ಮುಗಿಸಿ.

ಮೊದಲ ಇಪ್ಪತ್ತು ನಿಮಿಷಗಳಲ್ಲಿ ಮುಖ್ಯ ಪಾತ್ರಗಳಲ್ಲಿ ಪ್ರತಿಯೊಬ್ಬರಿಗೂ ಏನು ಬೇಕು ಎಂಬುದನ್ನು ಒಂದೊಂದು ವಾಕ್ಯದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ. ಇರಾನಿನ ನಿರ್ದೇಶಕ ಅಸ್ಗರ್ ಫರ್ಹಾದಿಯವರ 2011ರ 'ಎ ಸೆಪರೇಷನ್' ಈ ಅಭ್ಯಾಸಕ್ಕೆ ಬಹಳ ಒಳ್ಳೆಯ ಚಿತ್ರ. ಆರಂಭದ ದೃಶ್ಯದಲ್ಲಿ ವಿಚ್ಛೇದನದ ವಿಚಾರಣೆಗೆ ಬಂದ ಗಂಡಹೆಂಡಿರು ಕ್ಯಾಮೆರಾದ ಕಡೆ ಮುಖಮಾಡಿ ವಾದಿಸುತ್ತಾರೆ. ನ್ಯಾಯಾಧೀಶರ ಧ್ವನಿ ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ. ಹೆಂಡತಿಗೆ ಮಗಳೊಂದಿಗೆ ದೇಶ ಬಿಟ್ಟು ಹೋಗಬೇಕಾಗಿದೆ, ಗಂಡನಿಗೆ ಮರೆವಿನ ಕಾಯಿಲೆಯ ತಂದೆಯನ್ನು ಬಿಟ್ಟುಹೋಗಲಾಗದು. ನ್ಯಾಯಾಧೀಶರ ಜಾಗದಲ್ಲಿ ಪ್ರೇಕ್ಷಕನನ್ನೇ ಕೂರಿಸಿರುವುದರಿಂದ ತೀರ್ಪು ಕೊಡುವ ಆತುರ ನಮ್ಮಲ್ಲಿ ಹುಟ್ಟುತ್ತದೆ, ಮತ್ತು ಇಬ್ಬರ ಮಾತೂ ನ್ಯಾಯವಾಗಿಯೇ ತೋರುವುದರಿಂದ ಆ ಆತುರ ಅಲ್ಲಿಯೇ ನಿಲ್ಲುತ್ತದೆ. ಯಾವ ಪಾತ್ರದ ಬಯಕೆಯನ್ನು ವಾಕ್ಯಕ್ಕಿಳಿಸಲು ನಿಮಗೆ ಆಗಲಿಲ್ಲವೋ ಆ ಪಾತ್ರದ ಮೇಲೆ ಕಣ್ಣಿಡಿ. ಚಿತ್ರದ ಒಳಗುಟ್ಟು ಬಹುಪಾಲು ಅಲ್ಲಿಯೇ ಇರುತ್ತದೆ.

ಇಬ್ಬರು ಮಾತನಾಡುತ್ತಿರುವಾಗ ಕೇಳಿಸಿಕೊಳ್ಳುತ್ತಿರುವವರ ಮುಖವನ್ನು ನೋಡುವುದನ್ನು ರೂಢಿಸಿಕೊಳ್ಳಿ. ಮಾತನ್ನು ಚಿತ್ರಕಥೆಗಾರ ಬರೆದುಕೊಟ್ಟಿರುತ್ತಾನೆ, ಕೇಳುವ ಮುಖವನ್ನು ಮಾತ್ರ ನಟನೇ ಕಟ್ಟಬೇಕು. ಹಾಗೆಯೇ ಒಂದು ಪಾತ್ರದ ಬಗ್ಗೆ ಉಳಿದವರು ಆಡುವ ಮಾತಿಗೂ ಆ ಪಾತ್ರ ನಿಜವಾಗಿ ಮಾಡಿದ್ದಕ್ಕೂ ನಡುವಿನ ಅಂತರವನ್ನು ಅಳೆಯಿರಿ. ಅಕಿರ ಕುರೋಸಾವಾ 1952ರ 'ಇಕಿರು' ಚಿತ್ರದ ಕೊನೆಯ ದೊಡ್ಡ ಭಾಗವನ್ನು ಇದೇ ಅಂತರದ ಮೇಲೆ ನಿಲ್ಲಿಸಿದ್ದಾರೆ. ಹೊಟ್ಟೆಯ ಕ್ಯಾನ್ಸರ್ ಇರುವುದು ತಿಳಿದ ಮೇಲೆ ಮಕ್ಕಳಿಗಾಗಿ ಒಂದು ಉದ್ಯಾನ ಕಟ್ಟಿಸಲು ಹೊರಡುವ ಸರ್ಕಾರಿ ಅಧಿಕಾರಿಯೊಬ್ಬನು ಚಿತ್ರ ಮುಗಿಯುವುದಕ್ಕೆ ಬಹಳ ಮೊದಲೇ ತೀರಿಕೊಳ್ಳುತ್ತಾನೆ. ಆಮೇಲೆ ಅವನ ಶ್ರದ್ಧಾಂಜಲಿಯ ಕೂಟದಲ್ಲಿ ಸೇರಿದ ಸಹೋದ್ಯೋಗಿಗಳು ಕುಡಿಯುತ್ತಾ ಆ ಕೆಲಸದ ಶ್ರೇಯಸ್ಸು ಯಾರದು ಎಂದು ಚರ್ಚಿಸುತ್ತಾರೆ. ಸತ್ತವನನ್ನು ನಾವು ಅವರ ಸಣ್ಣತನದ ಮೂಲಕವೇ ಪೂರ್ತಿಯಾಗಿ ಕಾಣುತ್ತೇವೆ. ಪಾತ್ರಚಿತ್ರಣದಲ್ಲಿ ಇದಕ್ಕಿಂತ ಧೈರ್ಯದ ರಚನೆಯನ್ನು ನಾನು ಕಂಡಿಲ್ಲ.

ಗಂಭೀರ ಚಿತ್ರಕ್ಕೂ ಡಾರ್ಕ್ ಕಾಮಿಡಿಗೂ ನಡುವೆ ಗೋಡೆಯಿಲ್ಲ ಎಂಬುದನ್ನು ಮನಗಾಣಲು ಕೆನೆತ್ ಲೋನರ್ಗನ್ ಅವರ 2016ರ 'ಮ್ಯಾಂಚೆಸ್ಟರ್ ಬೈ ದ ಸೀ' ಚಿತ್ರದ ಒಂದು ಗಳಿಗೆ ಸಾಕು. ನಾಯಕನ ಮನೆ ಸುಟ್ಟುಹೋಗಿದೆ, ಮಕ್ಕಳು ಉಳಿದಿಲ್ಲ, ಹೆಂಡತಿಯನ್ನು ಆಂಬ್ಯುಲೆನ್ಸ್‌ಗೆ ಏರಿಸುತ್ತಿದ್ದಾರೆ. ಆಗ ಸ್ಟ್ರೆಚರ್‌ನ ಕಾಲುಗಳು ಮಡಚಿಕೊಳ್ಳುವುದಿಲ್ಲ. ಸಿಬ್ಬಂದಿ ಒತ್ತುತ್ತಾರೆ, ಎತ್ತುತ್ತಾರೆ, ಮತ್ತೆ ಪ್ರಯತ್ನಿಸುತ್ತಾರೆ. ಬೇರೆ ಸಂದರ್ಭದಲ್ಲಾದರೆ ಇದು ನಗೆಯ ಪ್ರಸಂಗ. ಇಲ್ಲಿ ದುಃಖಕ್ಕೆ ಲೋಕದ ವಸ್ತುಗಳು ತಲೆಬಾಗುವುದಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಡಾರ್ಕ್ ಕಾಮಿಡಿಯು ಇದೇ ಗಳಿಗೆಯನ್ನು ತೆಗೆದುಕೊಂಡು ಇಡೀ ಚಿತ್ರದ ಉದ್ದಕ್ಕೂ ಹಿಗ್ಗಿಸುತ್ತದೆ.

ಆದ್ದರಿಂದ ಡಾರ್ಕ್ ಕಾಮಿಡಿ ನೋಡುವಾಗ ಮೊದಲು ಪರೀಕ್ಷಿಸಬೇಕಾದದ್ದು ಪಾತ್ರಗಳು ತಮ್ಮ ಕೆಲಸವನ್ನು ಪೂರ್ಣ ಗಂಭೀರತೆಯಿಂದ ಮಾಡುತ್ತಿವೆಯೇ ಎಂಬುದನ್ನು. ತಾನೊಂದು ನಗೆಯ ಚಿತ್ರದಲ್ಲಿದ್ದೇನೆಂದು ಪಾತ್ರಕ್ಕೆ ತಿಳಿದರೆ ಹದ ಕೆಟ್ಟಿತೆಂದೇ ಅರ್ಥ. ಸ್ಟ್ಯಾನ್ಲಿ ಕುಬ್ರಿಕ್ 'ಡಾಕ್ಟರ್ ಸ್ಟ್ರೇಂಜ್‌ಲವ್' ಚಿತ್ರವನ್ನು ಪೀಟರ್ ಜಾರ್ಜ್ ಅವರ ಗಂಭೀರ ಕಾದಂಬರಿಯಿಂದ ಗಂಭೀರ ಚಿತ್ರವಾಗಿಯೇ ಬರೆಯತೊಡಗಿದ್ದರು. ಅಣುಯುದ್ಧದ ತರ್ಕ ಬರೆಯುತ್ತ ಹೋದಂತೆ ಅಸಂಬದ್ಧವಾಗಿ ಕಂಡಿದ್ದರಿಂದ ಹಾಸ್ಯದ ದಾರಿ ಹಿಡಿದರು. 1964ರಲ್ಲಿ ತೆರೆಕಂಡ ಆ ಚಿತ್ರದ ಕೊನೆಗೆಂದು ಪರಸ್ಪರ ತಿಂಡಿ ಎರಚಾಡುವ ದೃಶ್ಯವೊಂದನ್ನು ಚಿತ್ರೀಕರಿಸಿ, ಅದು ಬರೀ ಪ್ರಹಸನವಾಯಿತೆಂದು ಕತ್ತರಿಸಿ ತೆಗೆದರು. ಅಮೆರಿಕದ ಅಧ್ಯಕ್ಷರು ಸೋವಿಯತ್ ನಾಯಕರಿಗೆ ಫೋನ್ ಮಾಡಿ, ನಮ್ಮ ವಿಮಾನಗಳು ಬಾಂಬ್ ಹಾಕಲು ಹೊರಟಿವೆ ಎಂಬ ಸುದ್ದಿಯನ್ನು ಸಂಕೋಚದಿಂದ, ಸೌಜನ್ಯದಿಂದ ತಿಳಿಸುವ ದೃಶ್ಯವನ್ನು ಗಮನಿಸಿ: ಅಲ್ಲಿ ನಗೆ ಉಕ್ಕುವುದು ಆ ಮನುಷ್ಯನ ಪ್ರಾಮಾಣಿಕ ವಿನಯದಿಂದ. ಕನ್ನಡದ 'ತಿಥಿ'ಯಲ್ಲಿಯೂ ಹೀಗೆಯೇ. ಜಮೀನು ಮಾರಲು ಬದುಕಿರುವ ಅಪ್ಪನನ್ನೇ ಸತ್ತನೆಂದು ಕಾಗದದಲ್ಲಿ ತೋರಿಸಲು ಹೊರಡುವ ಮಗ ಎಲ್ಲಿಯೂ ನಗುವುದಿಲ್ಲ. ಅವನಿಗೆ ಅದು ಸಂಸಾರದ ಕಷ್ಟ.

ನಿಮಗೆ ನಗು ಬಂದಾಗ ಯಾರ ಮೇಲೆ ಬಂತು ಎಂಬುದನ್ನೂ ಗುರುತಿಸಿಕೊಳ್ಳಿ. ನೊಂದವರ ಅಸಹಾಯಕತೆಯ ಮೇಲೆ ನಗಿಸುವ ಚಿತ್ರವನ್ನು ನಾನು ಡಾರ್ಕ್ ಕಾಮಿಡಿ ಎಂದು ಒಪ್ಪುವುದಿಲ್ಲ, ಅದು ಕ್ರೌರ್ಯ. ನೋಯಿಸುವವರ ಆತ್ಮವಿಶ್ವಾಸ, ದುರಾಸೆ, ತಮ್ಮ ಜಾಣತನದ ಬಗೆಗಿನ ಭ್ರಮೆ ಇವುಗಳ ಮೇಲೆ ನಗಿಸಬೇಕು. ಜೊತೆಗೆ, ಸಾವಿಗೆ ತೂಕವಿದೆ ಎಂದು ತಿಳಿದ ಒಬ್ಬರಾದರೂ ಕಥೆಯೊಳಗೆ ಇದ್ದರೆ ಚಿತ್ರ ಆಳವಾಗುತ್ತದೆ. ಕೋಯೆನ್ ಸಹೋದರರ 1996ರ 'ಫಾರ್ಗೋ'ದಲ್ಲಿ ತುಂಬು ಗರ್ಭಿಣಿಯಾದ ಪೊಲೀಸ್ ಮುಖ್ಯಸ್ಥೆ ಆ ಸ್ಥಾನದಲ್ಲಿದ್ದಾಳೆ. ಕೊಲೆಗಾರನನ್ನು ಕಾರಿನ ಹಿಂದೆ ಕೂರಿಸಿಕೊಂಡು, ಇಷ್ಟು ಸ್ವಲ್ಪ ಹಣಕ್ಕಾಗಿ ಹೀಗೆ ಮಾಡಿದಿರಾ ಎಂದು ಅವಳು ನಿಜವಾಗಿಯೂ ಅರ್ಥವಾಗದೆ ಕೇಳುವಾಗ ಅಲ್ಲಿಯವರೆಗಿನ ನಮ್ಮ ನಗೆಗೆಲ್ಲ ಲೆಕ್ಕ ಕೊಡಬೇಕಾಗುತ್ತದೆ.

ನೋಡಿ ಮುಗಿಸಿದ ಮೇಲೆ ಅಭಿಪ್ರಾಯ ಹೇಳಲು ಒಂದು ದಿನವಾದರೂ ಕಾಯಿರಿ. ಬರೆಯುವುದಾದರೆ ಕಥೆಯನ್ನು ಪೂರ್ತಿ ಹೇಳಬೇಡಿ. ಒಂದು ಪಾತ್ರ ಮಾಡಿದ ಒಂದು ಆಯ್ಕೆಯನ್ನು ತೆಗೆದುಕೊಂಡು, ಆ ಹೊತ್ತಿಗೆ ಅದಕ್ಕೆ ಬೇರೆ ಯಾವ ದಾರಿ ಇತ್ತು, ಅದನ್ನೇಕೆ ಬಿಟ್ಟಿತು ಎಂಬುದನ್ನು ಬಿಡಿಸಿ. ಪಾತ್ರ ಇಷ್ಟವಾಗಲಿಲ್ಲ ಎಂಬುದು ಚಿತ್ರದ ದೋಷವಲ್ಲ, ಪಾತ್ರವನ್ನು ನಂಬಲಾಗಲಿಲ್ಲ ಎಂಬುದು ದೋಷ. ಇವೆರಡನ್ನು ಬೇರೆ ಬೇರೆಯಾಗಿ ಬರೆಯಿರಿ. ಎರಡನೆಯ ಬಾರಿ ನೋಡುವಾಗ ಅಂತ್ಯ ತಿಳಿದಿರುವುದರಿಂದ ಕಣ್ಣು ಬಿಡುವಾಗಿರುತ್ತದೆ, ಮೊದಲ ಸಲ ಬದಿಗೆ ಸರಿದ ಸಣ್ಣ ಪಾತ್ರಗಳನ್ನು ಆಗ ಹಿಂಬಾಲಿಸಿ. ಇನ್ನೊಬ್ಬರಿಗೆ ಸೂಚಿಸುವ ಮುನ್ನ ಅವರ ಈಚಿನ ದಿನಗಳನ್ನು ಯೋಚಿಸಿ: ಮನೆಯಲ್ಲಿ ಸಾವಾಗಿರುವವರಿಗೆ ಸಾವಿನ ಹಾಸ್ಯವನ್ನು ಹೇಳದೆ ಕೊಡಬಾರದು, ಚಿತ್ರದಲ್ಲಿ ಏನಿದೆ ಎಂದು ಮೊದಲೇ ತಿಳಿಸಿ, ನೋಡುವ ಹೊತ್ತನ್ನು ಅವರೇ ಆರಿಸಿಕೊಳ್ಳಲು ಬಿಡಬೇಕು.